ಆಪ್ತಸಲಹೆ ಪ್ರಕರಣ: ಅಮ್ಮನ ಮನೆಯ ಕ್ಯಾಮೆರಾ

ತಾಯಿ, ಮಗ ಇಬ್ಬರೂ ಒಪ್ಪಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ಕೆಲವು ವಿವರ ಬದಲಿಸಿದ್ದೇನೆ.

ತಾಯಿಗೆ 71 ವರ್ಷ. ಮೈಸೂರಿನಲ್ಲಿ ಸ್ವಂತ ಮನೆ. ಯಜಮಾನರು ತೀರಿಕೊಂಡು ನಾಲ್ಕು ವರ್ಷ ಆಯಿತು. ಒಬ್ಬನೇ ಮಗ, ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ಅವರನ್ನು ನನ್ನ ಹತ್ತಿರ ಕರೆತಂದದ್ದು ತಂಗಿ. "ಅಕ್ಕ ಮಾತೇ ಕಡಿಮೆ ಮಾಡಿದ್ದಾಳೆ. ನಿದ್ದೆ ಇಲ್ಲ, ಊಟ ಸೇರಲ್ಲ. ಯಾವಾಗ ಹೋದರೂ ಹಿತ್ತಲಲ್ಲೇ ಕೂತಿರ್ತಾಳೆ" ಎಂದರು.

ಮೊದಲು ಥೈರಾಯ್ಡ್, ಬಿ12, ಶುಗರ್ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದೆ. ವಯಸ್ಸಾದವರು ಮಂಕಾದರೆ ಇದನ್ನು ನೋಡದೆ ನಾನು ಮುಂದೆ ಹೋಗುವುದಿಲ್ಲ. ಬದುಕೇ ಬೇಡ ಅನ್ನಿಸುತ್ತದೆಯೇ ಎಂದೂ ನೇರವಾಗಿ ಕೇಳಿದೆ. ಹಾಗೇನಿಲ್ಲ ಎಂದರು. ರಿಪೋರ್ಟುಗಳೂ ಸರಿಯಾಗಿಯೇ ಇದ್ದವು.

ಎರಡನೇ ಸಲ ಬಂದಾಗ ಸುಮ್ನೆ ಕೇಳಿದೆ, "ಹಿತ್ತಲಲ್ಲಿ ಏನಿದೆ ಅಮ್ಮಾ?"

"ಕರಿಬೇವಿನ ಗಿಡ ಇದೆ. ಕ್ಯಾಮೆರಾ ಇಲ್ಲ" ಎಂದರು.

ಆಮೇಲೆ ಎಲ್ಲ ಹೊರಗೆ ಬಂತು. ಒಂದೂವರೆ ವರ್ಷದ ಹಿಂದೆ ಅವರು ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಫೋನ್ ಹಾಲ್‌ನಲ್ಲಿತ್ತು. ಕೆಲಸದವಳು ಬಂದು ಬಾಗಿಲು ಬಡಿಯುವ ತನಕ ಹಾಗೇ ಬಿದ್ದಿದ್ದರು. ಮಗ ರಜೆ ಹಾಕಿ ಓಡಿಬಂದ. ವಾಪಸ್ ಹೋಗುವ ಮುನ್ನ ಹಾಲ್, ಅಡುಗೆಮನೆ, ಗೇಟು ಮೂರೂ ಕಡೆ ವೈಫೈ ಕ್ಯಾಮೆರಾ ಹಾಕಿಸಿದ. ಯಾರಾದರೂ ಓಡಾಡಿದರೆ ಅವನ ಮೊಬೈಲ್‌ಗೆ ಸಂದೇಶ ಹೋಗುತ್ತದೆ. ಅಲ್ಲಿಂದ ಮಾತಾಡಿದರೆ ಇಲ್ಲಿ ಕೇಳಿಸುತ್ತದೆ.

"ಒಂದಿನ ಗೋಡೆಯಿಂದ ಅವನ ದನಿ ಬಂತು. ಮೂಲೆ ಗುಡಿಸಿಲ್ಲ ಅಂತ ಕೆಲಸದವಳಿಗೆ ಹೇಳಿದ. ಅವಳು ಮಾರನೇ ದಿನದಿಂದ ಬರಲಿಲ್ಲ. ಹದಿನಾರು ವರ್ಷ ಇದ್ದವಳು." ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಹೇಳಿದರು. ಸೀರೆ ಸಡಿಲವಾದರೆ ಸರಿಮಾಡಿಕೊಳ್ಳಲೂ ಒಳಗೆ ಹೋಗುತ್ತಾರೆ. ತಂಗಿ ಬಂದರೆ ಇಬ್ಬರೂ ಹಿತ್ತಲಲ್ಲೇ ಕೂತು ಮಾತಾಡುತ್ತಾರೆ. ರಾತ್ರಿ ನೀರು ಕುಡಿಯಲು ಎದ್ದರೆ, ಅಲ್ಲಿ ಹಗಲಲ್ವಾ, ಅವನಿಗೆ ಗೊತ್ತಾಗುತ್ತದೆ. "ಯಾಕಮ್ಮ ನಿದ್ದೆ ಬರಲಿಲ್ವಾ" ಎಂದು ಮೆಸೇಜ್. ಅದಕ್ಕೇ ನೀರು ಕುಡಿಯುವುದನ್ನೂ ಬಿಟ್ಟಿದ್ದರು.

ಇಷ್ಟೆಲ್ಲದರ ನಡುವೆ ಅವರು ಅತ್ತದ್ದು ಬೇರೆ ಮಾತಿಗೆ. "ಮೊದಲು ದಿನಾ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳ್ತಿದ್ದ. ಈಗ ಕೇಳಲ್ಲ. ಉಪ್ಪಿಟ್ಟು ಮಾಡಿದ್ದು ನೋಡಿದೆ ಅಂತಾನೆ. ಅಲ್ಲಿಗೆ ಮಾತು ಮುಗೀತು."

ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ನಮ್ಮಲ್ಲಿ "ಊಟ ಆಯ್ತಾ" ಅನ್ನುವುದು ಅನ್ನದ ಲೆಕ್ಕ ಕೇಳುವುದಕ್ಕಲ್ಲ, ಅಲ್ವಾ? ಮಗ ಹಾಸ್ಟೆಲಿನಲ್ಲಿದ್ದಾಗ ಇನ್‌ಲ್ಯಾಂಡ್ ಕಾಗದದಲ್ಲಿ "ನಾವು ಇಲ್ಲಿ ಕ್ಷೇಮ, ನಿನ್ನ ಕ್ಷೇಮಕ್ಕೆ ಕಾಗದ ಬರಿ" ಎಂದು ಬರೆಯುತ್ತಿದ್ದರಂತೆ. ಆಮೇಲೆ ಎಸ್‌ಟಿಡಿ ಬೂತು, ಮೀಟರಿನ ಮೇಲೆ ಕಣ್ಣಿಟ್ಟು ಎರಡು ನಿಮಿಷ ಮಾತು. 2016ರಲ್ಲಿ ಡೇಟಾ ಅಗ್ಗವಾಯಿತು. ಅದೇ ವರ್ಷದ ಕೊನೆಗೆ ವಾಟ್ಸಾಪ್‌ನಲ್ಲಿ ವಿಡಿಯೋ ಕಾಲ್ ಬಂತು. ಮೊಮ್ಮಗಳ ಮೊದಲ ಹೆಜ್ಜೆಯನ್ನು ಯಜಮಾನರೂ ಇವರೂ ಒಟ್ಟಿಗೆ ಕೂತು ಅದರಲ್ಲೇ ನೋಡಿದ್ದರು. ಇಂಟರ್ನೆಟ್ ಈ ಮನೆಗೆ ಕೊಟ್ಟದ್ದು ಕಡಿಮೆಯೇನಲ್ಲ. ಅಲ್ಲಿಯವರೆಗೆ ಬಂದದ್ದೆಲ್ಲ ಮಾತನ್ನು ಹತ್ತಿರ ತಂದಿತ್ತು. ಕ್ಯಾಮೆರಾ ಬಂದ ಮೇಲೆ ಕೇಳುವ ಅಗತ್ಯವೇ ಇಲ್ಲವಾಯಿತು. ಮಗ ಅಮ್ಮನನ್ನು ನೋಡುತ್ತಾನೆ. ಅಮ್ಮನಿಗೆ ಮಗ ಕಾಣುವುದಿಲ್ಲ.

ಅಮ್ಮನ ಒಪ್ಪಿಗೆ ಪಡೆದು ಮಗನ ಜೊತೆ ಮಾತಾಡಿದೆ. ನಮಗೆ ಶನಿವಾರ ಬೆಳಿಗ್ಗೆ ಏಳು, ಅವನಿಗೆ ಶುಕ್ರವಾರ ರಾತ್ರಿ ಎಂಟೂವರೆ. ಅವನು ಮೊದಲು ಹೇಳಿದ್ದು ಅಮ್ಮ ಬಿದ್ದ ದಿನದ ಸಂಗತಿ. "ಹನ್ನೊಂದು ಸಲ ಫೋನ್ ಮಾಡಿದ್ದೆ ಮೇಡಂ. ರಿಂಗ್ ಆಗ್ತಾನೇ ಇತ್ತು." ಮೀಟಿಂಗ್ ಮಧ್ಯೆಯೂ ಮೊಬೈಲ್ ತೆಗೆದು ಹಾಲ್ ನೋಡುತ್ತಾನೆ. ಕುರ್ಚಿ ಖಾಲಿ ಇದ್ದರೆ ಎದೆ ಹೊಡೆದುಕೊಳ್ಳುತ್ತದೆ. ಅಮ್ಮ ಹಿತ್ತಲಿಗೆ ಹೋದಷ್ಟೂ ಅವನ ಭಯ ಹೆಚ್ಚು. ಅವನು ನೋಡಿದಷ್ಟೂ ಅಮ್ಮ ಹಿತ್ತಲಿಗೆ. ಇಂಥ ಮಕ್ಕಳನ್ನು ಅನುಮಾನದವರು, ಅಧಿಕಾರ ಚಲಾಯಿಸುವವರು ಎಂದು ಬೈಯುವವರಿದ್ದಾರೆ. ನನಗೆ ಕಂಡದ್ದು ಹೆದರಿದ ಹುಡುಗ.

ಒಂದು ಪ್ರಶ್ನೆ ಕೇಳಿದೆ. "ಅಮ್ಮ ಬಿದ್ದದ್ದು ಬಚ್ಚಲಲ್ಲಿ. ಅಲ್ಲಿ ಕ್ಯಾಮೆರಾ ಹಾಕೋಕಾಗುತ್ತಾ?" ತುಂಬಾ ಹೊತ್ತು ಸುಮ್ಮನಿದ್ದ.

ಮುಂದಿನ ಸಲ ತಾಯಿಯನ್ನು ಎದುರಿಗೆ, ಮಗನನ್ನು ವಿಡಿಯೋ ಕಾಲ್‌ನಲ್ಲಿ ಕೂರಿಸಿ ಹೇಳಿದ್ದು ಇದು. ಗೇಟಿನ ಕ್ಯಾಮೆರಾ ಇರಲಿ. ಅದು ಅಮ್ಮನಿಗೂ ಧೈರ್ಯ. ಅಡುಗೆಮನೆಯದು ತೆಗೆಯಿರಿ. ಹಾಲ್‌ನದು ಇರಬೇಕೋ ಬೇಡವೋ ಅಮ್ಮ ಹೇಳಲಿ, ಪ್ಲಗ್ಗಿನ ಸ್ವಿಚ್ಚು ಅವರ ಕೈಯಲ್ಲೇ ಇರಲಿ. ಕ್ಯಾಮೆರಾಕ್ಕೆ ಹಾಕುವ ದುಡ್ಡನ್ನು ಬಚ್ಚಲಿಗೆ ಹಾಕಿ: ಗೋಡೆಗೆ ಹಿಡಿಕೆ, ಜಾರದ ಮ್ಯಾಟು, ರಾತ್ರಿ ಉರಿಯುವ ಸಣ್ಣ ದೀಪ. ಒಳಗಿನಿಂದ ಚಿಲಕ ಬೇಡ. ನೀರು ತಾಗಿದರೂ ಕೆಡದ ವೈರ್‌ಲೆಸ್ ಕಾಲಿಂಗ್ ಬೆಲ್ ಸಿಗುತ್ತದೆ. ಅದರ ಗುಂಡಿಯನ್ನು ನೆಲದಿಂದ ಒಂದು ಗೇಣಿನ ಮೇಲೆ ಅಂಟಿಸಿ, ಬಿದ್ದವರ ಕೈಗೆ ಎಟುಕುವುದು ಅಲ್ಲಿ. ಬೆಲ್ಲು ಪಕ್ಕದ ಮನೆಯಲ್ಲಿರಲಿ. ಅಲ್ಲಿಯವರೆಗೆ ಸಿಗ್ನಲ್ ಮುಟ್ಟುತ್ತದೆಯೇ ಎಂದು ಮೊದಲು ಪರೀಕ್ಷಿಸಿ. ಒಂದು ಬೀಗದ ಕೈಯನ್ನೂ ಅವರಿಗೇ ಕೊಡಿ. ಬೆಳಿಗ್ಗೆ ಎದ್ದ ಕೂಡಲೇ ಅಮ್ಮ ಒಂದು ಮೆಸೇಜ್ ಹಾಕಲಿ. ಎಂಟರವರೆಗೂ ಬರದಿದ್ದರೆ ಮಗ ಪಕ್ಕದ ಮನೆಗೆ ಫೋನ್ ಮಾಡಲಿ. ಹಿರಿಯರ ಸಹಾಯವಾಣಿ 14567, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ತುರ್ತಿಗೆ 112. ಮೂರನ್ನೂ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಲು ಹೇಳಿದೆ.

ಅಮ್ಮನಿಗೂ ಒಂದು ಮಾತು ಹೇಳಿದೆ. ಬೇಸರವಾದಾಗ ಹಿತ್ತಲಿಗೆ ಹೋಗುವ ಬದಲು ಮಗನಿಗೆ ಬಾಯಿಬಿಟ್ಟು ಹೇಳಿ. ಒಂದೂವರೆ ವರ್ಷ ನೀವು ಹೇಳಲಿಲ್ಲ, ಅವನಿಗೆ ಹೊಳೆಯಲಿಲ್ಲ.

ಆಗ ಅವರು ಮಗನ ಕಡೆ ತಿರುಗಿ, "ನಿನ್ನ ಅಡುಗೆಮನೆ ಒಂದ್ಸಲ ತೋರಿಸೋ" ಎಂದರು. ಅವನು ಲ್ಯಾಪ್‌ಟಾಪ್ ಎತ್ತಿಕೊಂಡು ಹೋದ. ಸಿಂಕ್ ತುಂಬಾ ಪಾತ್ರೆ. ಕುಕ್ಕರ್ ಮುಚ್ಚಳದ ಗ್ಯಾಸ್ಕೆಟ್ ಹೋಗಿದೆಯಾ, ಸಾರಿನ ಪುಡಿ ಮುಗಿದಿದೆಯಾ ಎಂದು ಅಮ್ಮ ಕೇಳತೊಡಗಿದರು. ನಾನು ಇಪ್ಪತ್ತು ನಿಮಿಷ ಮಾತಾಡಲಿಲ್ಲ.

ಈಗ ಎರಡು ತಿಂಗಳು ಕಳೆದಿದೆ. ನಿದ್ದೆ ಪರವಾಗಿಲ್ಲ. ಎರಡು ಸಲ ಬೆಳಗಿನ ಮೆಸೇಜ್ ಮರೆತು ಪಕ್ಕದ ಮನೆಯವರು ಓಡಿಬಂದರು. ಹಾಲ್‌ನ ಕ್ಯಾಮೆರಾ ಹಗಲು ಆಫ್ ಇರುತ್ತದೆ. ರಾತ್ರಿ ಮಲಗುವಾಗ ಅಮ್ಮನೇ ಆನ್ ಮಾಡುತ್ತಾರೆ. ಕೆಲಸದವಳು ಇನ್ನೂ ಬಂದಿಲ್ಲ. ಡಿಸೆಂಬರಿನಲ್ಲಿ ಬಂದಾಗ ತಾನೇ ಅವಳ ಮನೆಗೆ ಹೋಗಿ ಮಾತಾಡುತ್ತೇನೆ ಎಂದು ಮಗ ಹೇಳಿದ್ದಾನೆ.