ಆಸ್ಟ್ರೇಲಿಯಾದ ‘ಬುಷ್’ ಕವಿತೆಗಳು ಜನಪದವೇ, ಪೇಟೆಯ ಕವಿಗಳ ಸೃಷ್ಟಿಯೇ?

ಆಸ್ಟ್ರೇಲಿಯಾದ ಒಳನಾಡಿನ ಬದುಕನ್ನು ಹಾಡುವ ‘ಬುಷ್’ ಕವಿತೆಗಳು ನಿಜಕ್ಕೂ ಜನಪದವೇ, ಅಥವಾ ಪೇಟೆಯವರು ಕಟ್ಟಿದ ಕಲ್ಪನೆಯೇ, ಓದುವುದಾದರೆ ಎಲ್ಲಿಂದ ಆರಂಭಿಸಬೇಕು ಎಂದು ನೀವು ಕೇಳಿದ್ದೀರಿ. ನಾನು ಓದಿದ ಮಟ್ಟಿಗೆ ಹೇಳುವುದಾದರೆ, ಇವುಗಳಲ್ಲಿ ಹೆಸರು ಮಾಡಿದ ಹೆಚ್ಚಿನ ಕವಿತೆಗಳು ಮೊದಲು ಸಿಡ್ನಿಯ ಒಂದು ವಾರಪತ್ರಿಕೆಯಲ್ಲಿ ಅಚ್ಚಾಗಿ, ಆಮೇಲೆ ಜನರ ಬಾಯಿಗೆ ಬಂದವು. ಜನ ಅವನ್ನು ಕಂಠಪಾಠ ಮಾಡಿ, ಸಾಲುಗಳನ್ನು ತಮಗೆ ಬೇಕಾದಂತೆ ಬದಲಿಸಿಕೊಂಡು, ಕವಿಯ ಹೆಸರನ್ನೇ ಮರೆಯುವಷ್ಟು ತಮ್ಮದಾಗಿಸಿಕೊಂಡರು.

ಆ ಪತ್ರಿಕೆ 1880ರಲ್ಲಿ ಆರಂಭವಾದ ‘ದ ಬುಲೆಟಿನ್’. ಒಳನಾಡಿನ ಕುರಿ ಸಾಕಣೆಯ ನೆಲೆಗಳಲ್ಲಿ ಉಣ್ಣೆ ಕತ್ತರಿಸುವವರೂ ಮಂದೆ ಹೊಡೆದುಕೊಂಡು ಹೋಗುವವರೂ ಅದನ್ನು ಓದುವುದಲ್ಲದೆ ತಾವೂ ಬರೆದು ಕಳಿಸುತ್ತಿದ್ದರು. ಹೀಗಾಗಿ ಅದಕ್ಕೆ ‘ಬುಷ್‌ಮನ್ನರ ಬೈಬಲ್’ ಎಂಬ ಅಡ್ಡಹೆಸರೇ ಬಿದ್ದಿತ್ತು. ಅದರಲ್ಲಿ ‘ಬ್ಯಾಂಜೊ’ ಎಂದು ಒಂದು ಕುದುರೆಯ ಹೆಸರಿಟ್ಟುಕೊಂಡು ಬರೆಯುತ್ತಿದ್ದ ಆಂಡ್ರ್ಯೂ ಬಾರ್ಟನ್ ಪ್ಯಾಟರ್ಸನ್ ಬಾಲ್ಯವನ್ನು ಹಳ್ಳಿಗಾಡಿನಲ್ಲಿ ಕಳೆದಿದ್ದರೂ, ಬರೆಯುವ ಹೊತ್ತಿಗೆ ಸಿಡ್ನಿಯ ವಕೀಲನಾಗಿದ್ದ. 1889ರಲ್ಲಿ ಪ್ರಕಟವಾದ ‘ಕ್ಲಾನ್ಸಿ ಆಫ್ ದ ಓವರ್‌ಫ್ಲೋ’ ಕವಿತೆ ಈ ಸ್ಥಿತಿಯನ್ನು ಮುಚ್ಚಿಡುವುದೂ ಇಲ್ಲ: ಕೊಳಕು ಕಚೇರಿಯಲ್ಲಿ ಕುಳಿತ ನಿರೂಪಕ ಉಣ್ಣೆ ಕತ್ತರಿಸುವ ಕ್ಲಾನ್ಸಿಗೆ ಬರೆದ ಪತ್ರಕ್ಕೆ, ಹೆಬ್ಬೆರಳಿನ ಉಗುರನ್ನು ಟಾರಿನಲ್ಲಿ ಅದ್ದಿ ಗೀಚಿದಂತಹ ಅಕ್ಷರದಲ್ಲಿ ಕ್ಲಾನ್ಸಿಯ ಸಂಗಡಿಗನೊಬ್ಬ ಉತ್ತರ ಕಳಿಸುತ್ತಾನೆ. ಕ್ಲಾನ್ಸಿ ಮಂದೆಯ ಹಿಂದೆ ಹೋಗಿದ್ದಾನೆ, ಈಗ ಎಲ್ಲಿದ್ದಾನೋ ಗೊತ್ತಿಲ್ಲ ಎಂಬುದಷ್ಟೇ ಅದರ ಸಾರ. ಉಳಿದ ಬಯಲು, ಬಿಸಿಲು, ನಕ್ಷತ್ರಗಳೆಲ್ಲವೂ ಕಚೇರಿಯವನ ಮನಸ್ಸಿನಲ್ಲಿ ಮೂಡುವಂಥವು.

ಪ್ಯಾಟರ್ಸನ್‌ಗೆ ಎದುರಾಗಿ ನಿಂತವನು ಹೆನ್ರಿ ಲಾಸನ್. ಚಿನ್ನದ ಗಣಿಗಳ ಸೀಮೆಯಲ್ಲಿ ಹುಟ್ಟಿ, ಬಡತನದಲ್ಲಿ ಬೆಳೆದು, ಹದಿನಾಲ್ಕರ ಹೊತ್ತಿಗೆ ಬಹುಮಟ್ಟಿಗೆ ಕಿವುಡನಾಗಿದ್ದ ಈತ 1892ರ ಜುಲೈಯಲ್ಲಿ ಅದೇ ಪತ್ರಿಕೆಯಲ್ಲಿ, ಒಳನಾಡನ್ನು ಕಣ್ಣಾರೆ ಕಂಡು ಬಂದೆ, ಅಲ್ಲಿ ನಿಮ್ಮ ಸೊಬಗೇನೂ ಕಾಣಲಿಲ್ಲ ಎಂಬ ಧಾಟಿಯ ಕವಿತೆ ಬರೆದ; ಪ್ಯಾಟರ್ಸನ್ ಅದಕ್ಕೆ ಪದ್ಯದಲ್ಲೇ ಉತ್ತರಿಸಿದ. ಹೀಗೆ ಕಿತ್ತಾಡಿದರೆ ಇಬ್ಬರಿಗೂ ನಾಲ್ಕು ಕಾಸು ಸಿಗುತ್ತದೆಂಬ ಸಲಹೆ ಲಾಸನ್‌ನದೇ ಆಗಿತ್ತೆಂದು ಪ್ಯಾಟರ್ಸನ್ ಮುಪ್ಪಿನಲ್ಲಿ ನೆನಪಿಸಿಕೊಂಡಿದ್ದಾನೆ. ಜಗಳ ಮೊದಲೇ ಮಾತಾಡಿಕೊಂಡದ್ದಾದರೂ ಭಿನ್ನಾಭಿಪ್ರಾಯ ಸುಳ್ಳಾಗಿರಲಿಲ್ಲ ಎಂದೇ ನನ್ನ ಅನಿಸಿಕೆ. ಅದೇ ವರ್ಷ ಸಂಪಾದಕ ಆರ್ಚಿಬಾಲ್ಡ್ ರೈಲು ಟಿಕೆಟ್ಟನ್ನೂ ಐದು ಪೌಂಡನ್ನೂ ಕೊಟ್ಟು ಲಾಸನ್‌ನನ್ನು ಬರ್ಕ್ ಪಟ್ಟಣಕ್ಕೆ ಕಳಿಸಿದ. ಅವನು ಅಲ್ಲಿಂದ ಕ್ವೀನ್ಸ್‌ಲ್ಯಾಂಡ್ ಗಡಿಯ ಹಂಗರ್‌ಫರ್ಡ್‌ವರೆಗೆ, ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು, ಸುಡುಬೇಸಿಗೆಯಲ್ಲಿ ಕಾಲ್ನಡಿಗೆಯಲ್ಲೇ ಸವೆಸಿದ.

ಆದ್ದರಿಂದ ಲಾಸನ್‌ನ ಆ ಕವಿತೆ, ಪ್ಯಾಟರ್ಸನ್‌ನ ಉತ್ತರ ಈ ಎರಡನ್ನೂ ಜೊತೆಗಿಟ್ಟುಕೊಂಡು ಆರಂಭಿಸಿ, ಅಲ್ಲಿಂದ ನೇರವಾಗಿ ಲಾಸನ್‌ನ ಗದ್ಯಕ್ಕೆ ಹೋಗಿ ಎಂಬುದು ನನ್ನ ಸಲಹೆ. ಪದ್ಯದಲ್ಲಿ ಪ್ಯಾಟರ್ಸನ್‌ನ ಕುದುರೆಯೋಟದಂಥ ಲಯ ಅವನಿಗೆ ದಕ್ಕಲಿಲ್ಲ. ಕಥೆಯಲ್ಲಿ ಅವನ ಹತ್ತಿರ ಸುಳಿಯುವವರು ಆ ಕಾಲದಲ್ಲಿ ವಿರಳ. ‘ದ ಡ್ರೋವರ್ಸ್ ವೈಫ್’ ಕೂಡ ಅದೇ ಜುಲೈಯಲ್ಲಿ ಬಂದದ್ದು. ಗಂಡ ಕುರಿಮಂದೆಯೊಂದಿಗೆ ದೂರ ಹೋಗಿರುವಾಗ ಎರಡು ಕೋಣೆಯ ಮರದ ಮನೆಯ ಅಡಿಗೆ ಹಾವು ಸೇರಿಕೊಳ್ಳುತ್ತದೆ. ನಾಲ್ಕು ಮಕ್ಕಳನ್ನು ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿ, ಪಕ್ಕದಲ್ಲಿ ದೊಣ್ಣೆ ಮತ್ತು ಹೊಲಿಗೆಯ ಬುಟ್ಟಿ ಇಟ್ಟುಕೊಂಡು ಆಕೆ ಬೆಳಗಿನವರೆಗೆ ಕಾಯುತ್ತಾಳೆ. ನಡುವೆ ಬೆಂಕಿಗೆಂದು ಸೌದೆ ತರಲು ಹೋಗಿ ಒಂದು ಕೊರಡನ್ನು ಎಳೆದರೆ ಇಡೀ ರಾಶಿ ಕುಸಿಯುತ್ತದೆ. ಹಿಂದಿನ ದಿನ ಅದನ್ನು ಒಟ್ಟಿದ ಮೂಲನಿವಾಸಿಯ ಕೆಲಸವನ್ನು ಹೊಗಳಿ ಆಕೆ ಹೆಚ್ಚಿಗೆ ಹೊಗೆಸೊಪ್ಪನ್ನೂ ಕೊಟ್ಟಿದ್ದಳು. ಅವನೋ ರಾಶಿಯ ಒಳಗನ್ನು ಟೊಳ್ಳಾಗಿ ಬಿಟ್ಟಿದ್ದ. ಬರ, ಕಾಡ್ಗಿಚ್ಚು, ಪ್ರವಾಹಗಳನ್ನೆಲ್ಲ ಎದುರಿಸಿದವಳ ಕಣ್ಣಲ್ಲಿ ನೀರು ಬರುವುದು ಇಲ್ಲಿ.

ಜನಪದದ ವಿಚಾರಕ್ಕೆ ‘ವಾಲ್ಟ್ಸಿಂಗ್ ಮಟಿಲ್ಡ’ಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಕಂಬಳಿಯ ಗಂಟು ಹೊತ್ತು ಕೂಲಿಗಾಗಿ ಅಲೆಯುವವನೊಬ್ಬ ಕುರಿ ಕದ್ದು, ಪೊಲೀಸರು ಬಂದಾಗ ಮಡುವಿಗೆ ಹಾರಿ ಸಾಯುವ ಈ ಹಾಡನ್ನು ಎಷ್ಟೋ ಜನ ತಲೆಮಾರುಗಳಿಂದ ಬಂದ ಲಾವಣಿಯೆಂದೇ ಭಾವಿಸುತ್ತಾರೆ. ಆದರೆ ಪದಗಳನ್ನು ಪ್ಯಾಟರ್ಸನ್ 1895ರಲ್ಲಿ ಕ್ವೀನ್ಸ್‌ಲ್ಯಾಂಡಿನ ಡ್ಯಾಗ್‌ವರ್ತ್ ಎಂಬ ಕುರಿ ನೆಲೆಯಲ್ಲಿ ಬರೆದ. ರಾಗ, ಕ್ರಿಸ್ಟಿನಾ ಮ್ಯಾಕ್‌ಫರ್ಸನ್ ಕುದುರೆ ಪಂದ್ಯವೊಂದರಲ್ಲಿ ಕೇಳಿ ನೆನಪಿನಿಂದ ನುಡಿಸಿದ ಸ್ಕಾಟ್‌ಲೆಂಡಿನ ಧಾಟಿ. ಈಗ ಎಲ್ಲೆಡೆ ಹಾಡುವ ಪಾಠ 1903ರಲ್ಲಿ ಚಹಾ ಕಂಪನಿಯೊಂದರ ಪ್ರಚಾರಕ್ಕೆಂದು ಮೇರಿ ಕೋವನ್ ತಿದ್ದಿದ್ದು. ಹಾಡು ಹುಟ್ಟುವ ಹಿಂದಿನ ವರ್ಷ ಮುಷ್ಕರ ಹೂಡಿದವರು ಡ್ಯಾಗ್‌ವರ್ತ್‌ನ ಉಣ್ಣೆ ಕತ್ತರಿಸುವ ಕೊಟ್ಟಿಗೆಗೆ ಬೆಂಕಿಯಿಟ್ಟಿದ್ದರು, ಅವರಲ್ಲೊಬ್ಬ ಗುಂಡೇಟಿನಿಂದ ಸತ್ತು ಬಿದ್ದಿದ್ದ; ಹಾಡಿಗೆ ಈ ಘಟನೆಯೇ ಪ್ರೇರಣೆ ಎನ್ನುವವರಿದ್ದಾರೆ, ಹಾಡಿನಲ್ಲಂತೂ ಮುಷ್ಕರದ ಮಾತೇ ಇಲ್ಲ.

ಇಷ್ಟನ್ನೇ ಆ ನೆಲದ ಜಾನಪದವೆಂದುಕೊಂಡರೆ ಮಾತ್ರ ದೊಡ್ಡ ಲೋಪವಾಗುತ್ತದೆ. ಬಿಳಿಯರು ಬರುವುದಕ್ಕೆ ಸಾವಿರಾರು ವರ್ಷ ಮೊದಲಿನಿಂದ ಅಲ್ಲಿ ಕಥೆಗಳಿದ್ದವು. ದಕ್ಷಿಣ ಆಸ್ಟ್ರೇಲಿಯಾದ ನ್ಗಾರಿಂಡ್ಜೆರಿ ಸಮುದಾಯದ ಡೇವಿಡ್ ಯುನೈಪನ್ 1920ರ ದಶಕದಲ್ಲಿ ಅಂಥ ಕಥೆಗಳನ್ನು ಸಂಗ್ರಹಿಸಿ ಬರೆದರು. ಪ್ಯಾಟರ್ಸನ್, ಲಾಸನ್ ಇಬ್ಬರ ಪುಸ್ತಕಗಳನ್ನೂ ತಂದಿದ್ದ ಆಂಗಸ್ ಅಂಡ್ ರಾಬರ್ಟ್‌ಸನ್ ಸಂಸ್ಥೆ ಆ ಹಸ್ತಪ್ರತಿಯನ್ನು ವಿಲಿಯಂ ರ‍್ಯಾಮ್ಸೆ ಸ್ಮಿತ್ ಎಂಬ ವೈದ್ಯನಿಗೆ ಮಾರಿತು, 1930ರಲ್ಲಿ ಅದು ಸ್ಮಿತ್‌ನ ಹೆಸರಿನಲ್ಲೇ ಹೊರಬಂತು. ಯುನೈಪನ್ ಅವರ ಚಿತ್ರ 1995ರಲ್ಲಿ ಐವತ್ತು ಡಾಲರಿನ ನೋಟಿನ ಮೇಲೆ ಬಂದರೂ, ಕೃತಿ ಅವರ ಹೆಸರಿನಲ್ಲಿ ಅಚ್ಚಾದದ್ದು 2001ರಲ್ಲಿ. ಸ್ಮಿತ್‌ನ ಹೆಸರಿನ ಹಳೆಯ ಪ್ರತಿಗಳೂ ಅವುಗಳ ಮರುಮುದ್ರಣಗಳೂ ಇನ್ನೂ ಸಿಗುತ್ತವೆ. ಕೊಳ್ಳುವಾಗ ಸ್ಟೀಫನ್ ಮ್ಯೂಕಿ ಮತ್ತು ಆಡಂ ಶೂಮೇಕರ್ ಸಂಪಾದಿಸಿದ 2001ರ ಆವೃತ್ತಿಯನ್ನೇ ಕೇಳಿ.