ವೆನಿಸ್‌ನಲ್ಲಿ ಇಳಿದ ಮೇಲೆ ದೋಣಿಯೋ, ಬಸ್ಸೋ?

ಪ್ರಶ್ನೆ: ಮಗಳು ಜರ್ಮನಿಯಲ್ಲಿದ್ದಾಳೆ. ಈ ಸಲ ನಾನು, ನನ್ನ ಹೆಂಡತಿ, ಎಪ್ಪತ್ತು ದಾಟಿದ ಅಮ್ಮ ಮೂವರೂ ವೆನಿಸ್‌ಗೆ ಹೋಗಿ ಅವಳನ್ನು ಅಲ್ಲೇ ಸೇರುವವರಿದ್ದೇವೆ. ಶಿವಮೊಗ್ಗದಿಂದ ಬೆಂಗಳೂರಿಗೆ ವಿಮಾನ, ಅದೇ ದಿನ ಮುಂದಿನ ವಿಮಾನ ಅಂತ ಯೋಚನೆ. ವೆನಿಸ್‌ನಲ್ಲಿ ಇಳಿದ ಮೇಲೆ ಊರೊಳಗೆ ದೋಣಿಯಲ್ಲೇ ಹೋಗಬೇಕಂತೆ, ಹೌದಾ ಮೇಡಂ? ಅಮ್ಮನಿಗೆ ಮಂಡಿನೋವು ಬೇರೆ.
- ಸಾಗರದ ಓದುಗರು

ಉತ್ತರ: ಬಸ್ ಇದೆ, ಆದರೆ ಊರಿನ ಹೊಸ್ತಿಲ ತನಕ ಮಾತ್ರ. ವೆನಿಸ್ ಇರುವುದು ಸಮುದ್ರದ ಅಂಚಿನ ಉಪ್ಪು ಹಿನ್ನೀರಿನಲ್ಲಿ, ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳ ಮೇಲೆ. ದಡದಿಂದ ಅಲ್ಲಿಗೆ 1846ರ ರೈಲು ಸೇತುವೆ, ಅದರ ಪಕ್ಕಕ್ಕೆ 1933ರ ರಸ್ತೆ ಸೇತುವೆ. ಆ ರಸ್ತೆ ಪಿಯಾಝಾಲೆ ರೋಮಾ ಎಂಬಲ್ಲಿ ಮುಗಿದೇ ಹೋಗುತ್ತದೆ. ಅಲ್ಲಿಂದ ಒಳಗೆ ಕಾರಿಲ್ಲ, ಸೈಕಲ್ ಕೂಡ ಇಲ್ಲ. ನಡೆಯಬೇಕು, ಇಲ್ಲವೇ ದೋಣಿ ಹತ್ತಬೇಕು.

ಆದ್ದರಿಂದ ದೋಣಿಯೋ ಬಸ್ಸೋ ಅನ್ನುವುದನ್ನು ಆಮೇಲೆ ನೋಡೋಣ, ಮೊದಲು ರೂಮ್ ಎಲ್ಲಿ ಅಂತ ತೀರ್ಮಾನ ಮಾಡಿ. ಊರಲ್ಲಿ 400ಕ್ಕೂ ಜಾಸ್ತಿ ಸೇತುವೆಗಳಿವೆ, ಹೆಚ್ಚಿನವು ಮೆಟ್ಟಿಲಿನವು. ಮ್ಯಾಪ್‌ನಲ್ಲಿ ಐದು ನಿಮಿಷದ ನಡಿಗೆ ಅಂತ ತೋರಿಸುವ ದಾರಿಯಲ್ಲಿ ಮೂರು ಸೇತುವೆ ಬಂದರೆ, ಒಂದು ಕೈಯಲ್ಲಿ ಸೂಟ್‌ಕೇಸ್, ಇನ್ನೊಂದು ಕೈಯಲ್ಲಿ ಅಮ್ಮನ ಕೈ ಹಿಡಿದು ಹತ್ತಿಳಿಯುವಾಗ ಅದು ಎಷ್ಟು ಹೊತ್ತಾಗುತ್ತದೆ ನೀವೇ ಯೋಚಿಸಿ. ಬುಕ್ ಮಾಡುವ ಮುಂಚೆ ರೂಮಿನವರಿಗೆ ಬರೆದು ಕೇಳಿ: ಹತ್ತಿರದ ದೋಣಿ ಸ್ಟಾಪ್ ಯಾವುದು, ಅಲ್ಲಿಂದ ನಿಮ್ಮ ಬಾಗಿಲಿಗೆ ಎಷ್ಟು ಸೇತುವೆ, ಲಿಫ್ಟ್ ಇದೆಯಾ. ಹಳೇ ಕಟ್ಟಡಗಳು, ಲಿಫ್ಟ್ ಇರುತ್ತದೆ ಅಂತ ಸುಮ್ನೆ ನಂಬಬೇಡಿ. ಸೇತುವೆ ದಾಟದೆ ಸಿಗುವ ರೂಮಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಪರವಾಗಿಲ್ಲ ಅಂತ ನನ್ನ ಅಭಿಪ್ರಾಯ.

ಈಗ ದೋಣಿ ವಿಷಯ. ಮಾರ್ಕೊ ಪೋಲೊ ವಿಮಾನ ನಿಲ್ದಾಣದಿಂದ ಸೂರಿರುವ ದಾರಿಯಲ್ಲಿ ಸುಮಾರು ಹತ್ತು ನಿಮಿಷ ನಡೆದರೆ ದೋಣಿಕಟ್ಟೆ. ಅಲ್ಲಿಂದ ಅಲಿಲಗೂನಾ ದೋಣಿಗಳು ಹೊರಡುತ್ತವೆ. ನೀಲಿ ಲೈನ್ ಮುರಾನೊ ದ್ವೀಪದ ಮೇಲೆ ಸುತ್ತಿ ಊರಿನ ಮುಖ್ಯ ಚೌಕವಾದ ಸಾನ್ ಮಾರ್ಕೊ ಕಡೆಗೆ, ಕಿತ್ತಳೆ ಲೈನ್ ರಿಯಾಲ್ಟೊ ಸೇತುವೆ ಕಡೆಗೆ. ಸಾನ್ ಮಾರ್ಕೊಗೆ ಒಂದು ಗಂಟೆಯ ಮೇಲೇ ಹಿಡಿಯುತ್ತದೆ. ದೋಣಿ ತಗ್ಗು, ಮುಚ್ಚಿದ್ದು, ಹಾಗಾಗಿ ದೃಶ್ಯದ ಆಸೆ ಇಟ್ಟುಕೊಳ್ಳಬೇಡಿ. ನಿಧಾನ ಅಂತ ಬೈಯಲೂಬೇಡಿ, ವೇಗವಾಗಿ ಹೋದರೆ ಏಳುವ ಅಲೆ ಮನೆಗಳ ಬುಡದ ಇಟ್ಟಿಗೆ ಕಲ್ಲುಗಳನ್ನು ತಿನ್ನುತ್ತದೆ, ಅದಕ್ಕೇ ವೇಗಕ್ಕೆ ಮಿತಿ.

ಇನ್ನೊಂದು ದಾರಿ: ಪಿಯಾಝಾಲೆ ರೋಮಾಕ್ಕೆ ಬಸ್, ಅರ್ಧ ಗಂಟೆಯೂ ಬೇಡ. ಅಲ್ಲಿ ವಪೊರೆಟ್ಟೊ ಹತ್ತಬೇಕು. ಅದು ಊರಿನ ಸಿಟಿ ಬಸ್ಸೇ, ನೀರಿನ ಮೇಲೆ ಓಡುತ್ತದೆ ಅಷ್ಟೆ. ಒಂದನೇ ನಂಬರಿನದು ಊರಿನ ದೊಡ್ಡ ಕಾಲುವೆ ಗ್ರ್ಯಾಂಡ್ ಕೆನಾಲ್ ಉದ್ದಕ್ಕೂ ನಿಲ್ಲುತ್ತಾ ನಿಲ್ಲುತ್ತಾ ಹೋಗುತ್ತದೆ. ಸ್ಟಾಪ್ ಕೂಡ ನೀರಿನ ಮೇಲೆ ತೇಲುವ ಕಟ್ಟೆ, ನೀರು ಏರಿದರೆ ಅದೂ ಏರುತ್ತದೆ, ಹಾಗಾಗಿ ದೋಣಿಗೆ ಹೆಜ್ಜೆ ಇಡುವುದು ಅಮ್ಮನಿಗೆ ಅಷ್ಟು ಕಷ್ಟವಾಗದು. 75 ನಿಮಿಷದ ಟಿಕೆಟ್‌ಗೆ ಒಬ್ಬರಿಗೆ 9.50 ಯೂರೋ. ಹತ್ತುವ ಮುಂಚೆ ಮಷಿನ್‌ಗೆ ತಾಗಿಸದಿದ್ದರೆ ದಂಡ. ಈ ಟಿಕೆಟ್ ಅಲಿಲಗೂನಾದಲ್ಲಿ ನಡೆಯುವುದಿಲ್ಲ, ವಿಮಾನ ನಿಲ್ದಾಣದ ಬಸ್ಸಿಗೂ ನಡೆಯುವುದಿಲ್ಲ.

ರೂಮು ಅಲಿಲಗೂನಾ ಸ್ಟಾಪ್ ಪಕ್ಕದಲ್ಲಿದ್ದರೆ ಅದರಲ್ಲೇ ಹೋಗಿ, ಲಗೇಜ್ ಒಂದೇ ಸಲ ಎತ್ತಿಟ್ಟರಾಯಿತು. ಇಲ್ಲದಿದ್ದರೆ ಬಸ್, ಆಮೇಲೆ ವಪೊರೆಟ್ಟೊ. ವಾಟರ್ ಟ್ಯಾಕ್ಸಿಗೆ ನೂರು ಯೂರೋ ಮೇಲೆ ಕೇಳುತ್ತಾರೆ, ಮೇಲಾಗಿ ಆ ಪುಟ್ಟ ದೋಣಿಯೊಳಗೆ ತಗ್ಗಿ ಇಳಿಯಬೇಕು. ಮಂಡಿನೋವಿಗೆ ಅದು ಆಗಿಬರುವುದಿಲ್ಲ.

ಶಿವಮೊಗ್ಗದ ವಿಮಾನದ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಎರಡೂ ಟಿಕೆಟ್ ಬೇರೆ ಬೇರೆ ತೆಗೆದುಕೊಂಡರೆ, ಸೋಗಾನೆಯ ವಿಮಾನ ನಿಲ್ದಾಣದಲ್ಲಿ ಮೋಡ ಕವಿದು ಮೊದಲ ವಿಮಾನ ತಡವಾದರೆ ಎರಡನೆಯವರು ನಿಮಗಾಗಿ ಕಾಯುವುದಿಲ್ಲ, ದುಡ್ಡೂ ವಾಪಸ್ ಕೊಡುವುದಿಲ್ಲ. ಹಿಂದಿನ ದಿನವೇ ಹೋಗಿಬಿಡಿ. ಕಾರಿನಲ್ಲಾದರೆ ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ, ಬೆಂಗಳೂರಿನ ಟ್ರಾಫಿಕ್ ಒಳಗೆ ಸಿಕ್ಕಿಕೊಳ್ಳುವುದೇ ಬೇಡ. ಅಲ್ಲಿಂದ ದೋಹಾ, ದುಬೈ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಬಹುದು. ಮಗಳಿಗೂ ಒಂದು ಮಾತು ಹೇಳಿ: ಅಗ್ಗದ ಟಿಕೆಟ್‌ನಲ್ಲಿ ವೆನಿಸ್ ಅಂತ ಬರೆದಿದ್ದರೂ ಇಳಿಸುವುದು ಟ್ರೆವಿಝೊದಲ್ಲಿ ಆಗಿರಬಹುದು. ಅದು ಬೇರೆಯೇ ಊರು. ರೈಲಿನಲ್ಲಿ ಬಂದರೆ ದಡದ ಕಡೆಯ ಮೆಸ್ತ್ರೆಯಲ್ಲಿ ಇಳಿಯದೆ ವೆನಿಸ್ ಊರೊಳಗಿನ ಸಾಂತಾ ಲೂಚಿಯಾ ನಿಲ್ದಾಣದ ತನಕ ಬರಲಿ.

ಪ್ರಶ್ನೆ: ಇಟಲಿಗೆ ಅಪ್ಪೆಮಿಡಿ ಉಪ್ಪಿನಕಾಯಿ, ಮನೆ ತುಪ್ಪ ಒಯ್ಯಬಹುದೇ?
- ತೀರ್ಥಹಳ್ಳಿಯ ಓದುಗರು

ಉತ್ತರ: ತುಪ್ಪ ಬೇಡ. ಯುರೋಪ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಪೇಡವೂ ಅದರಲ್ಲೇ ಬಂತು. ಅಪ್ಪೆಮಿಡಿ ಒಯ್ಯಬಹುದು, ಆದರೆ ಕೈಚೀಲದಲ್ಲಿ ಅಲ್ಲ, ಸೂಟ್‌ಕೇಸ್‌ನಲ್ಲಿ. ಎರಡು ಕವರ್ ಹಾಕಿ ಬಿಗಿಯಾಗಿ ಕಟ್ಟಿ, ಎಣ್ಣೆ ಸೋರಿದರೆ ಸೀರೆ ಹಾಳು. ಹಸಿ ಹಣ್ಣಿಗೆ ಸರ್ಟಿಫಿಕೇಟ್ ಕೇಳುತ್ತಾರೆ. ಬಾಳೆ, ತೆಂಗು, ಅನಾನಸ್, ಖರ್ಜೂರ, ಡ್ಯೂರಿಯನ್ ಐದಕ್ಕೆ ಮಾತ್ರ ವಿನಾಯಿತಿ.

ಪ್ರಶ್ನೆ: ನವೆಂಬರ್‌ನಲ್ಲಿ ಹೊರಟಿದ್ದೇವೆ. ನೆರೆ ಬರುತ್ತದಂತೆ, ಭಯ.
- ಹೊಸನಗರದ ಓದುಗರು

ಉತ್ತರ: ನಮ್ಮ ಕಡೆಯ ನೆರೆ ಮಳೆಯದು, ಅಲ್ಲಿಯದು ಸಮುದ್ರದ್ದು. ಉಬ್ಬರದ ಹೊತ್ತಿಗೇ ದಕ್ಷಿಣದ ಗಾಳಿಯೂ ಬೀಸಿದರೆ ನೀರು ಊರೊಳಗೆ ನುಗ್ಗುತ್ತದೆ, ಇಳಿತ ಶುರುವಾದರೆ ಕೆಲವು ಗಂಟೆಗಳಲ್ಲಿ ವಾಪಸ್ ಹೋಗುತ್ತದೆ. 2019ರ ನವೆಂಬರ್ 12ರಂದು 187 ಸೆಂಟಿಮೀಟರ್ ಏರಿತ್ತು. 2020ರ ಅಕ್ಟೋಬರ್‌ನಿಂದ ಮೋಸೆ ಎಂಬ ಗೇಟುಗಳು ಕೆಲಸ ಮಾಡುತ್ತಿವೆ, ದೊಡ್ಡ ಉಬ್ಬರ ಬರುವ ಸೂಚನೆ ಸಿಕ್ಕರೆ ಎತ್ತಿ ಸಮುದ್ರವನ್ನು ತಡೆಯುತ್ತಾರೆ. ಸಣ್ಣ ಉಬ್ಬರಕ್ಕೆ ಎತ್ತುವುದಿಲ್ಲ, ಆಗ ತೀರಾ ತಗ್ಗಿನ ಸಾನ್ ಮಾರ್ಕೊ ಚೌಕದಲ್ಲಿ ಪಾದ ಒದ್ದೆಯಾಗಬಹುದು. ಚಪ್ಪಲಿ ಸಾಲದು, ಗಮ್‌ಬೂಟ್ ಅಲ್ಲೇ ಸಿಗುತ್ತದೆ.

ಪ್ರಶ್ನೆ: ಗೊಂಡೊಲ ಹತ್ತದಿದ್ದರೆ ವೆನಿಸ್ ನೋಡಿದ ಹಾಗಾಗುತ್ತದಾ?
- ಶಿಕಾರಿಪುರದ ಓದುಗರು

ಉತ್ತರ: ಖಂಡಿತ ಆಗುತ್ತದೆ. ಹಗಲಲ್ಲಿ ಅರ್ಧ ಗಂಟೆಗೆ 90 ಯೂರೋ, ಐದು ಜನ ಹಂಚಿಕೊಂಡರೆ ಸರಿ. ಇಲ್ಲದಿದ್ದರೆ ಟ್ರಗೆಟ್ಟೊ ಕೇಳಿ. ಗ್ರ್ಯಾಂಡ್ ಕೆನಾಲನ್ನು ಈ ದಡದಿಂದ ಆ ದಡಕ್ಕೆ ದಾಟಿಸುವ ಗೊಂಡೊಲ ಅದು, ಸುಮಾರು 2 ಯೂರೋ. ಎರಡೇ ನಿಮಿಷದಲ್ಲಿ ಮುಗಿಯುತ್ತದೆ, ಸ್ಥಳೀಯರು ನಿಂತೇ ಹೋಗುತ್ತಾರೆ. ನೀವು ಕೂತುಕೊಳ್ಳಿ.