ಕೈಕೆಲಸ – ಕೇಳಿ, ಹೇಳುತ್ತೇನೆ: ಅಟ್ಟದ ಕೊಂಬಿಗೆ ಎರೆಡಬ್ಬಿಯ ಕೆಲಸ

ಪ್ರಶ್ನೆ: ಅಟ್ಟ ಗುಡಿಸುವಾಗ ಅಜ್ಜನ ಕಾಲದ ಉಳುವ ಕೋಣಗಳ ಒಂದು ಜೊತೆ ಕೊಂಬು ಸಿಕ್ಕಿತು. ನನಗೆ ಸೀತಾನದಿಯಲ್ಲಿ ಗಾಳ ಹಾಕುವ ಹುಚ್ಚು. ಹೊರದೇಶಗಳಲ್ಲಿ ಹಿಂದೆ ದನದ ಕೊಂಬಿನಿಂದ ಎರೆ ಇಡುವ ಡಬ್ಬಿ ಮಾಡಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರಂತೆ. ನಾನೂ ಮಾಡಬಹುದೇ? ಮನೆಯವರು ಪಾಲಿಶ್ ಮಾಡಿಸಿ ಷೋಕೇಸಿನಲ್ಲಿ ಇಡೋಣ ಎನ್ನುತ್ತಾರೆ.
– ಓದುಗರೊಬ್ಬರು, ಬಾರ್ಕೂರು

ಉತ್ತರ: ಧಾರಾಳವಾಗಿ ಮಾಡಿ. ಗದ್ದೆ ಉತ್ತ ಪ್ರಾಣಿಯ ಕೊಂಬು ಗಾಜಿನೊಳಗೆ ಧೂಳು ತಿನ್ನುವುದಕ್ಕಿಂತ ನಿಮ್ಮ ಸೊಂಟದಲ್ಲಿ ನದಿಗೆ ಬರುವುದೇ ಸರಿ. ನಾನು ಕಲ್ಯಾಣಪುರದ ಹೊಳೆಬದಿಯಲ್ಲಿ ಬೆಳೆದವನು. ನಮ್ಮ ಕಡೆ ಎರೆಹುಳು ಒಯ್ಯುತ್ತಿದ್ದದ್ದು ಗೆರಟೆಯಲ್ಲಿ, ಬಿದಿರಿನ ಅಂಡೆಯಲ್ಲಿ. ಆದರೆ ಕೊಂಬಿಗೆ ಒಂದು ಗುಣವಿದೆ: ಬಿದ್ದರೆ ಗೆರಟೆಯಂತೆ ಒಡೆಯುವುದಿಲ್ಲ, ಉಪ್ಪುನೀರಿಗೆ ತಗಡಿನ ಡಬ್ಬಿಯಂತೆ ತುಕ್ಕು ಹಿಡಿಯುವುದಿಲ್ಲ.

ಮೊದಲು ಕೊಂಬನ್ನು ಬಿಸಿಲಿಗೆ ಹಿಡಿದು ನೋಡಿ. ಅಟ್ಟದಲ್ಲಿದ್ದ ಕೊಂಬಿಗೆ ಹುಳ ಬಿದ್ದಿರುವುದುಂಟು. ಅಂಚಿನಲ್ಲಿ ಸಣ್ಣ ತೂತು ಇದ್ದರೆ ಅಲ್ಲಿಯವರೆಗೆ ಕತ್ತರಿಸಿ ಬಿಡಿ, ಉಳಿದದ್ದು ಗಟ್ಟಿಯಾಗಿದ್ದರೆ ಸಾಕು. ಅಲ್ಲಾಡಿಸಿದಾಗ ಒಳಗೆ ಕಟಕಟ ಎಂದರೆ ಎಲುಬು ಇನ್ನೂ ಇದೆ. ಕೊಂಬೆಂದರೆ ಹೊರಗಿನ ಚಿಪ್ಪು ಮಾತ್ರ, ಉಗುರು ಕೂದಲುಗಳಲ್ಲಿರುವ ಕೆರಾಟಿನ್ನೇ ಅದು. ಅದರೊಳಗೆ ತಲೆಬುರುಡೆಯಿಂದ ಬೆಳೆದ ಎಲುಬಿನ ಗೂಟವಿರುತ್ತದೆ. ಒಣಗಿದ ಕೊಂಬಿನಿಂದ ಅದು ತಟ್ಟಿದರೆ ಜಾರಿ ಬರುತ್ತದೆ. ಬಾರದಿದ್ದರೆ ಅರ್ಧ ಗಂಟೆ ಕುದಿಸಿ ತಟ್ಟಿ. ಇದನ್ನು ಹಿತ್ತಲಿನಲ್ಲಿ ಮೂರು ಕಲ್ಲಿಟ್ಟು, ಅಡುಗೆಗೆ ಮತ್ತೆ ಬಳಸದ ಪಾತ್ರೆಯಲ್ಲೇ ಮಾಡಿ. ಆ ವಾಸನೆ ಅಡುಗೆಮನೆಗೆ ಹೊಕ್ಕರೆ ಮನೆಯವರು ಷೋಕೇಸಿನ ಮಾತನ್ನೂ ಹಿಂದೆಗೆದುಕೊಂಡಾರು.

ಕೊಂಬಿನ ತುದಿ ಗಟ್ಟಿ, ಬುಡ ಟೊಳ್ಳು. ಟೊಳ್ಳು ಎಲ್ಲಿ ಮುಗಿಯುತ್ತದೆಂದು ಹಿಡಿಸೂಡಿ ಕಡ್ಡಿ ಹಾಕಿ ಅಳೆದು, ಹೊರಗೆ ಪೆನ್ಸಿಲಿನಿಂದ ಗುರುತು ಮಾಡಿ. ಹಗ್ಗದ ತೂತು ಆ ಗುರುತಿನಿಂದ ತುದಿಯ ಕಡೆಗೇ ಬರಬೇಕು. ಗಟ್ಟಿ ಭಾಗದಲ್ಲಿ 4–5 ಮಿ.ಮೀ. ತೂತು ಕೊರೆದರೆ ಎರೆಯ ಕೋಣೆಗೆ ನೀರು ಇಳಿಯುವುದಿಲ್ಲ, ಹಗ್ಗ ಎಳೆದಾಗ ಕೊಂಬು ಬಿರಿಯುವುದೂ ಇಲ್ಲ. ಬುಡವನ್ನು ಸಣ್ಣ ಹಲ್ಲಿನ ಆಕ್ಸೋ ಬ್ಲೇಡಿನಲ್ಲಿ ಸಮನಾಗಿ ಕೊಯ್ಯಿರಿ.

ಈಗ ಕೆಲಸದ ನಿಜವಾದ ಗಂಟು. ಕೋಣದ ಕೊಂಬಿನ ಬಾಯಿ ದುಂಡಗಿರುವುದಿಲ್ಲ, ಮೂಲೆಮೂಲೆಯಾಗಿ ಚಪ್ಪಟೆಯಾಗಿರುತ್ತದೆ. ಅದಕ್ಕೆ ದುಂಡು ಮುಚ್ಚಳ ಹೇಗೆ ಕೂರಬೇಕು? ನಿಮ್ಮೂರಿನ ಆಚಾರಿಯವರ ಹತ್ತಿರ ಹಲಸಿನ ಮರದ ಒಂದು ಗೂಟ ಮಾಡಿಸಿ, ಒಂದು ಕಡೆ ಸಪೂರ, ಇನ್ನೊಂದು ಕಡೆ ದಪ್ಪ. ಕೊಂಬಿನ ಬಾಯಿಯನ್ನು ಮೂರು ನಾಲ್ಕು ಅಂಗುಲ ಮುಳುಗುವಂತೆ ಕುದಿಯುವ ನೀರಿನಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ ಬಿಡಿ. ಗೋಣಿಬಟ್ಟೆಯಲ್ಲಿ ಹಿಡಿದು ಒತ್ತಿದಾಗ ಅಂಚು ಸ್ವಲ್ಪ ಬಗ್ಗಿತೆಂದರೆ ಸಮಯ ಬಂತು. ಕೂಡಲೇ ಗೂಟವನ್ನು ತೂರಿಸಿ, ಮರದ ಕೊಡತಿಯಿಂದ ಸಣ್ಣ ಸಣ್ಣ ಪೆಟ್ಟು ಕೊಡಿ. ಒಂದೇ ಸಲಕ್ಕೆ ದುಂಡಾಗಬೇಕೆಂಬ ಹಟ ಬೇಡ. ಪೆಟ್ಟಿನ ಸದ್ದು ಗಡುಸಾಯಿತೆಂದರೆ ಕೊಂಬು ತಣಿದಿದೆ, ನಿಲ್ಲಿಸಿ ಮತ್ತೆ ಕುದಿಸಿ. ದಪ್ಪ ಕೊಂಬಿಗೆ ಎರಡು ಮೂರು ಸಲ ಬೇಕಾಗುತ್ತದೆ. ಕೊನೆಯ ಸಲ ಗೂಟವನ್ನು ತೆಗೆಯದೆ ನೆರಳಿನಲ್ಲಿ ಪೂರ್ತಿ ಒಣಗಲು ಬಿಡಿ. ಬೇಗ ತೆಗೆದರೆ ಬಾಯಿ ಹಳೆಯ ಆಕಾರಕ್ಕೇ ತಿರುಗುತ್ತದೆ. ಕೆಲವರು ನೇರ ಬೆಂಕಿಗೆ ಹಿಡಿಯುತ್ತಾರೆ. ಕೂದಲು ಸುಟ್ಟ ನಾತ ಬರುವ ಹೊತ್ತಿಗೆ ಆ ಜಾಗ ಸುಟ್ಟು ಪುಡಿಯಾಗಿರುತ್ತದೆ, ಆಮೇಲೆ ಏನು ಮಾಡಿದರೂ ಸರಿಯಾಗದು.

ಮೈ ನುಣುಪು ಮಾಡಲು ಅರದಿಂದ ಶುರು ಮಾಡಿ, ಆಮೇಲೆ ಒಡೆದ ಗಾಜಿನ ಚೂರು ಬಳಸಿ. ಗಾಜಿನ ಅಂಚನ್ನು ಬುಡದಿಂದ ತುದಿಯ ಕಡೆಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಅಂಚು ಹರಿತವಾಗಿದ್ದರೆ ತೆಳ್ಳನೆಯ ಸುರುಳಿ ಏಳುತ್ತದೆ, ಪುಡಿ ಮಾತ್ರ ಬಂದರೆ ಚೂರು ಬದಲಿಸುವ ಹೊತ್ತು. ಬೂದು ಬಣ್ಣದ ಒರಟು ಪದರ ಹೋಗಿ ಕೆಳಗಿನ ಕಪ್ಪು ಕಾಣಿಸಿಕೊಳ್ಳುವ ಆ ಹೊತ್ತು ನನಗೆ ಈ ಇಡೀ ಕೆಲಸದಲ್ಲಿ ಬಲು ಇಷ್ಟ. ಒಡಿಶಾದ ಪಾರಲಾಖೆಮುಂಡಿಯವರು ಇದೇ ಕಪ್ಪಿನಿಂದ ಕೊಕ್ಕರೆ, ಬಾಚಣಿಗೆಗಳನ್ನು ಮಾಡಿ ಹೆಸರಾದರು. ಆಮೇಲೆ 220, 400, 600 ನಂಬರಿನ ಪಾಲಿಶ್ ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜಿ. ಒಣ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಒದ್ದೆ ಮಾಡಿದರೂ ಮೂಗಿಗೆ ಮಾಸ್ಕ್ ಇರಲಿ. ಕೊನೆಗೆ ಜರಡಿ ಹಿಡಿದ ಒಲೆಬೂದಿ, ಎರಡು ಹನಿ ತೆಂಗಿನೆಣ್ಣೆ, ಹಳೆ ಬಟ್ಟೆ. ಒಳಗೆ ವಾರ್ನಿಷ್ ಹಚ್ಚಬೇಡಿ. ಜೀವಂತ ಹುಳುಗಳ ಜಾಗ ಅದು.

ಮುಚ್ಚಳಕ್ಕೆ ಅದೇ ಹಲಸಿನ ಮರ ಸಾಕು. 2 ಮಿ.ಮೀ. ತೂತುಗಳನ್ನು ಮುಚ್ಚಳದಲ್ಲಿ ಕೊರೆಯಿರಿ, ಕೊಂಬಿನ ಮೈಗೆ ಬೇಡ. ಕೊಂಬು ಮಣ್ಣಿನ ಪಾತ್ರೆಯಂತೆ ಉಸಿರಾಡುವುದಿಲ್ಲ, ಗಾಳಿ ಮುಚ್ಚಳದಿಂದಲೇ ಬರಬೇಕು. ಒಳಗೆ ಚೆನ್ನಾಗಿ ತೊಳೆದು ಹಿಂಡಿದ ತೆಂಗಿನ ನಾರು ಹಾಕಿ, ಅದರಲ್ಲಿ ಎರೆಹುಳು ಬಿಡಿ. ಮುಚ್ಚಳದ ದಾರ ಸಿಗಿಸಲು ಮೊಳೆ ಬೇಕಾದರೆ ಹಿತ್ತಾಳೆಯದು ಹಾಕಿ. ಕೋಡಿಬೆಂಗ್ರೆ ಅಳಿವೆಯ ಕಡೆಗೆ ಇಳಿದರೆ ಕಬ್ಬಿಣ ಒಂದು ಮಳೆಗಾಲವೂ ಬಾಳದು. ಸಿಗಡಿ ಚೂರು ಒಯ್ಯುವ ದಿನ ಮನೆಗೆ ಬಂದ ಕೂಡಲೇ ತೊಳೆದು ನೆರಳಿನಲ್ಲಿ ಬೋರಲು ಹಾಕಿ. ರಾತ್ರಿಯಿಡೀ ನೀರಿನಲ್ಲಿ ಬಿಟ್ಟರೆ ಕೊಂಬು ಮೆತ್ತಗಾಗಿ ಸೊಟ್ಟಗಾಗುತ್ತದೆ, ದೋಣಿಯ ಹಲಗೆಯ ಮೇಲೆ ಬಿಸಿಲಿಗೆ ಬಿಟ್ಟರೆ ಪದರ ಬಿಡುತ್ತದೆ.

ಪ್ರಶ್ನೆ: ನಮ್ಮ ಹಳೆ ಮನೆಯ ಗೋಡೆಯಲ್ಲಿ ಕಡವೆ ಕೊಂಬು ಇದೆ, ಜೊತೆಗೆ ಕಾಟಿಯದೆಂದು ಹೇಳುವ ಒಂದು ದೊಡ್ಡ ಕೊಂಬು. ಇವುಗಳಿಂದ ಡಬ್ಬಿ, ಚೂರಿ ಹಿಡಿ ಮಾಡಬಹುದೇ?
– ಓದುಗರೊಬ್ಬರು, ಗುರುಪುರ

ಉತ್ತರ: ಬೇಡ. ಅವಕ್ಕೆ ಗರಗಸ ಮುಟ್ಟಿಸಬೇಡಿ, ಯಾರಿಗೂ ಕೊಡಬೇಡಿ, ಮಾರುವುದಂತೂ ದೂರದ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವು ಕಾಡುಪ್ರಾಣಿಯ ಅಂಗಗಳು, ತಲೆಮಾರಿನಿಂದ ಮನೆಯಲ್ಲಿದ್ದರೂ ದಾಖಲೆ ಬೇಕು. ಕಾಡಿನಲ್ಲಿ ಬಿದ್ದು ಸಿಕ್ಕ ಜಿಂಕೆ ಕೊಂಬಿಗೂ ಇದೇ ಮಾತು. ಮನೆಯ ಹಿರಿಯರು ಹಿಂದೆ ಘೋಷಿಸಿ ಪ್ರಮಾಣಪತ್ರ ಪಡೆದಿದ್ದಾರೆಯೇ ಎಂದು ಹಳೆಯ ಕಡತ ಹುಡುಕಿ, ಇಲ್ಲದಿದ್ದರೆ ವಕೀಲರನ್ನು ಕೇಳಿಕೊಂಡು ವಲಯ ಅರಣ್ಯ ಕಚೇರಿಗೆ ತಿಳಿಸಿ. ಇನ್ನೊಂದು ವಿಷಯ: ಕಡವೆಯದು ವರ್ಷ ವರ್ಷ ಉದುರಿ ಮತ್ತೆ ಬೆಳೆಯುವ ಗಟ್ಟಿ ಎಲುಬು. ಅದರಲ್ಲಿ ಟೊಳ್ಳೇ ಇಲ್ಲ, ಕುದಿಸಿದರೆ ಕೊಂಬಿನಂತೆ ಬಗ್ಗುವುದೂ ಇಲ್ಲ.

ಪ್ರಶ್ನೆ: ಕೊಂಬು ಸಿಗದವರು ಏನು ಮಾಡಬೇಕು? ಪ್ಲಾಸ್ಟಿಕ್ ಡಬ್ಬಿ ಒಯ್ಯಲು ಮನಸ್ಸಿಲ್ಲ.
– ಓದುಗರೊಬ್ಬರು, ಮಲ್ಪೆ

ಉತ್ತರ: ಬಲಿತ ಬಿದಿರಿನ ಒಂದು ಗಿಣ್ಣು ಸಾಕು. ಗಿಣ್ಣಿನ ಕೆಳಗೆ ಎರಡು ಬೆರಳು ಬಿಟ್ಟು ಕೊಯ್ದರೆ ತಳ ತಾನಾಗಿಯೇ ಮುಚ್ಚಿರುತ್ತದೆ. ಕೊಯ್ದ ತುಂಡನ್ನು ಎರಡು ಮೂರು ವಾರ ಹರಿಯುವ ತೋಡಿನಲ್ಲಿ ಕಲ್ಲು ಹೇರಿ ಮುಳುಗಿಸಿಡಿ. ಒಳಗಿನ ಪಿಷ್ಟ ಕರಗಿ ಹೋಗುವುದರಿಂದ ಕೊರಕ ಹುಳು ಕಡಿಮೆ. ಆಮೇಲೆ ನೆರಳಿನಲ್ಲಿ ಒಣಗಿಸಿ, ಬಾಯಿಗೆ ಗೆರಟೆಯ ಮುಚ್ಚಳ ಹೊಂದಿಸಿ. ಬಿದಿರಿಗೆ ಬಿಸಿಲು ತಾಗಿದರೆ ಸೀಳುತ್ತದೆ, ಆದ್ದರಿಂದ ಬಾಯಿಯ ಸುತ್ತ ತೆಂಗಿನ ಹುರಿಯನ್ನು ಬಿಗಿಯಾಗಿ ಸುತ್ತಿ.